ಹತ್ತು ನಿಮಿಷಕ್ಕೆ ನಿಲ್ಲುವ ಕಟಿಂಗ್ ಮಷಿನ್, ಜತೆಗೆ ಕಳ್ಳರ ಕಾಟ: ಏನು ಮಾಡಬೇಕು?

ಜಮಖಂಡಿ ತೋಟದವ

ಎಲ್ಲರಿಗೂ ನಮಸ್ಕಾರ. ಎರಡು ತಾಪತ್ರಯ ಒಟ್ಟಿಗೇ ಬಂದಿವೆ. ಒಂದೇ ಕಡೆ ಕೇಳಿಬಿಡುತ್ತೇನೆ.

ನನ್ನ ಹತ್ತಿರ 45 ಸಿಸಿಯ ಚೈನ್ ಸಾ ಇದೆ. ನಮ್ಮ ಕಡೆ ಕಟಿಂಗ್ ಮಷಿನ್ ಅಂತಲೇ ಕರೆಯುತ್ತೇವೆ. ಐದು ವರ್ಷ ಹಳೆಯದು. ಮೊನ್ನೆ ಗಾಳಿಗೆ ಬದುವಿನ ಬೇವಿನ ಮರ ಬಿತ್ತು. ಮಳೆಗಾಲ ಪೂರ್ತಿ ಶೆಡ್ಡಿನ ಗೂಟಕ್ಕೆ ನೇತಾಡಿದ್ದ ಮಷಿನ್ ಇಳಿಸಿ ಹಗ್ಗ ಜಗ್ಗಿದೆ. ಏಳೆಂಟು ಸಲಕ್ಕೆ ಚಾಲೂ ಆಯ್ತು. ಹತ್ತು ನಿಮಿಷ ಚೊಲೋ ಕೊಯ್ಯಿತು, ಆಮೇಲೆ ಸೊರಗಿ ನಿಂತಿತು. ಅರ್ಧ ಗಂಟೆ ಬಿಟ್ಟು ಜಗ್ಗಿದರೆ ಮತ್ತೆ ಹತ್ತು ನಿಮಿಷ. ಹೊಸ ಪ್ಲಗ್ ಹಾಕಿದೆ, ಏರ್ ಫಿಲ್ಟರ್ ತೊಳೆದೆ. ಅದೇ ಕಥೆ.

ಎರಡನೆಯದು. ಅದೇ ವಾರ ಪಕ್ಕದ ತೋಟದ ಕಾಕಾ ಅವರ ಬ್ರಷ್ ಕಟರ್ ಮತ್ತು ಔಷಧ ಹೊಡೆಯುವ ಪಂಪ್ ಕಳುವಾದವು. ಕೀಲಿ ಹಾಕಿದ್ದು ಹಾಕಿದ ಹಾಗೇ ಇತ್ತು. ಕಳ್ಳರು ಚಿಲಕದ ಪಟ್ಟಿಯ ನಾಲ್ಕು ಬೋಲ್ಟ್ ಬಿಚ್ಚಿ, ಪಟ್ಟಿ ಸಮೇತ ಕೀಲಿಯನ್ನು ಪಕ್ಕದ ಕಲ್ಲಿನ ಮೇಲೆ ಇಟ್ಟು ಹೋಗಿದ್ದರು. ನಾಲ್ಕೂ ಬೋಲ್ಟ್ ಸಾಲಾಗಿ ಜೋಡಿಸಿದ್ದರು! ಕಾಕಾ ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದರು. ನನ್ನ ಶೆಡ್ಡಿಗೂ ಅಂಥದ್ದೇ ಪಟ್ಟಿ ಇದೆ. ಅವತ್ತಿನಿಂದ ಮಷಿನ್ ಮಂಚದ ಕೆಳಗಿದೆ. ಪೆಟ್ರೋಲ್ ವಾಸನೆಗೆ ಮನೆಯಾಕೆ ದಿನಾ ಬೈಯುತ್ತಾಳೆ.

ಉದ್ಯಮಬಾಗ ಫಿಟ್ಟರ್

ಮೊದಲು ಒಂದು ಪ್ರಶ್ನೆ. ಮಷಿನ್ ನಿಂತ ಕೂಡಲೇ ಪೆಟ್ರೋಲ್ ಟಾಕಿಯ ಮುಚ್ಚಳ ಸಡಿಲ ಮಾಡಿ ನೋಡಿದ್ದೀರಾ?

ಅರ್ಧ ಗಂಟೆ ಕಾಯಬೇಡಿ. ನಿಂತ ಗಳಿಗೆಗೇ ಮಷಿನ್ ನೆಲದ ಮೇಲೆ ಇಟ್ಟು ಮುಚ್ಚಳ ನಿಧಾನ ತಿರುಗಿಸಿ, ಕಿವಿ ಕೊಡಿ. ಬೀಡಿ ಸಿಗರೇಟು ದೂರ ಇರಲಿ. ಒಮ್ಮೊಮ್ಮೆ ಬಿಸಿಗೆ ಒಳಗೆ ಒತ್ತಡ ಇದ್ದು ಪೆಟ್ರೋಲ್ ಚಿಮ್ಮುತ್ತದೆ, ಮುಖ ಹಿಂದಿಡಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡು, ಮುಚ್ಚಿ ಜಗ್ಗಿದಾಗ ತಕ್ಷಣ ಚಾಲೂ ಆದರೆ ರೋಗ ಸಿಕ್ಕಿತು ಅಂತ ತಿಳಿಯಿರಿ.

ಟಾಕಿಗೆ ಉಸಿರಾಡಲು ಒಂದು ಸಣ್ಣ ವಾಲ್ವ್ ಇರುತ್ತದೆ. ವೆಂಟ್ ಅಂತಾರೆ. ಪೆಟ್ರೋಲ್ ಖರ್ಚಾದಷ್ಟು ಗಾಳಿ ಅಲ್ಲಿಂದ ಒಳಗೆ ಬರಬೇಕು. ಅದು ಕಟ್ಟಿಕೊಂಡರೆ ಕಾರ್ಬೋರೇಟರಿಗೆ ಪೆಟ್ರೋಲ್ ಹತ್ತುವುದಿಲ್ಲ. ನೀರಿನ ಬಾಟಲಿಯನ್ನು ಬಾಯಿಗೆ ಒತ್ತಿಕೊಂಡು ಹೀರಿದರೆ ಬಾಟಲಿ ಸೊಟ್ಟಗಾಗಿ ನೀರು ಬರೋದೇ ನಿಲ್ಲುತ್ತದಲ್ಲ, ಹಾಗೆ. ಬಿಟ್ಟಾಗ ಗಾಳಿ ಹೇಗೋ ನುಸುಳುತ್ತದೆ. ಅದಕ್ಕೇ ಅರ್ಧ ಗಂಟೆಗೆ ಮತ್ತೆ ಓಡುತ್ತದೆ.

ಸುಯ್ ಅನ್ನದಿದ್ದರೆ ಎರಡನೇ ಅನುಮಾನ ಇಗ್ನಿಷನ್ ಕಾಯಿಲ್ ಮೇಲೆ. ತಣ್ಣಗಿದ್ದಾಗ ಕಿಡಿ ಕೊಟ್ಟು ಬಿಸಿಯಾದಾಗ ಕೈಕೊಡುವ ಕಾಯಿಲ್‌ಗಳಿವೆ. ಅದಕ್ಕೂ ಮಷಿನ್ ನಿಂತ ತಕ್ಷಣವೇ ಪ್ಲಗ್ ತೆಗೆದು ಕಿಡಿ ನೋಡಬೇಕು. ಆರಿದ ಮೇಲೆ ನೋಡಿದರೆ ಎಲ್ಲಾ ಸರಿ ಇದ್ದಂತೆ ಕಾಣುತ್ತದೆ. ಮುಚ್ಚಳ ತೆರೆದಾಗ ಅಲ್ಲೇ ಪೆಟ್ರೋಲ್ ಚೆಲ್ಲಿರುತ್ತದೆ, ಹಾಗಾಗಿ ಕಿಡಿಯ ಪರೀಕ್ಷೆ ಇನ್ನೊಂದು ಸರದಿಯಲ್ಲಿ, ಟಾಕಿ ಮುಚ್ಚಿ, ಒರೆಸಿ, ದೂರ ಇಟ್ಟು ಮಾಡಿ.

ರಾಯಬಾಗ ಕಬ್ಬು

ಇಷ್ಟೆಲ್ಲಾ ಯಾಕೆ ಸರ್? ಕಾರ್ಬೋರೇಟರಿನ ಎಚ್ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿ. ನನ್ನದು ಹೀಗೇ ಸೊರಗುತ್ತಿತ್ತು. ಬಿಗಿ ಮಾಡಿದ ಮೇಲೆ ಕಿರ್ರ್ ಅಂತ ಎಂಥಾ ರೇಸ್ ಬಂತು ಅಂತೀರಿ!

ಉದ್ಯಮಬಾಗ ಫಿಟ್ಟರ್

ಆ ಕಿರ್ರ್ ಎಷ್ಟು ದಿನ ಬಂತು ಅಣ್ಣಾ?

ರಾಯಬಾಗ ಕಬ್ಬು

ಮೂರು ವಾರ. ಆಮೇಲೆ ಪಿಸ್ಟನ್ ಜಾಮ್ ಆಯ್ತು. ಆದರೆ ಅದು 58 ಸಿಸಿ ಚೀನಾ ಮಾಲು. ಅದರ ಹಣೆಬರಹವೇ ಅಷ್ಟು.

ಉದ್ಯಮಬಾಗ ಫಿಟ್ಟರ್

ಚೀನಾದ್ದಲ್ಲ, ಸ್ಕ್ರೂದ್ದು ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಕೈಗೆ ಬಂದ ಸುಟ್ಟ ಮಷಿನ್‌ಗಳಲ್ಲಿ ಬಹಳಷ್ಟು ಇದೇ ದಾರಿಯಲ್ಲಿ ಬಂದಿವೆ.

ಟೂ ಸ್ಟ್ರೋಕ್ ಎಂಜಿನ್ನಿಗೆ ಬೈಕಿನ ಹಾಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ್ದೇ ಪಿಸ್ಟನ್ನಿಗೆ ಎಣ್ಣೆ. ಎಚ್ ಸ್ಕ್ರೂ ಬಿಗಿ ಮಾಡಿದರೆ ಪೆಟ್ರೋಲ್ ಕಡಿಮೆ, ಅದರ ಜತೆ ಎಣ್ಣೆಯೂ ಕಡಿಮೆ. ಗಾಳಿ ಜಾಸ್ತಿಯಾಗಿ ಸದ್ದು ಏರುತ್ತದೆ. ಅದು ಶಕ್ತಿಯಲ್ಲ, ಬಾಯಾರಿದ ಎಂಜಿನ್ ಕೂಗು. ಸರಿಯಾಗಿ ಹೊಂದಿಸಿದ ಮಷಿನ್ ಖಾಲಿಯಾಗಿ ಫುಲ್ ರೇಸ್ ಕೊಟ್ಟಾಗ ಸ್ವಲ್ಪ ತೊದಲಬೇಕು, ಬರ್ ಬರ್ ಅನ್ನಬೇಕು. ಕಟ್ಟಿಗೆಗೆ ಇಟ್ಟ ಕೂಡಲೇ ಆ ತೊದಲು ಹೋಗಿ ದನಿ ನಯವಾಗಬೇಕು.

ಪಿಸ್ಟನ್ ಹೇಗಿದೆ ನೋಡಲು ಎಂಜಿನ್ ಬಿಚ್ಚಬೇಕಿಲ್ಲ. ಸೈಲೆನ್ಸರ್ ತೆಗೆದು ಆ ಕಿಂಡಿಯಲ್ಲಿ ಟಾರ್ಚ್ ಹಿಡಿಯಿರಿ. ಪಿಸ್ಟನ್ ಮೈ ನುಣ್ಣಗಿದ್ದರೆ ಬದುಕಿದೆ. ಮೇಲಿಂದ ಕೆಳಗೆ ಉಗುರಲ್ಲಿ ಪರಚಿದ ಹಾಗೆ ಗೀರು ಇದ್ದರೆ ಖರ್ಚಿಗೆ ತಯಾರಾಗಿ. ಸೈಲೆನ್ಸರಿನಲ್ಲಿ ಸಣ್ಣ ಜಾಲರಿ ಇದ್ದರೆ ಅದನ್ನೂ ಆಗಲೇ ಬ್ರಷ್ ಹಾಕಿ ಉಜ್ಜಿ. ಮಸಿ ಕಟ್ಟಿದರೂ ಮಷಿನ್ ಸೊರಗುತ್ತದೆ.

ಖಾನಾಪುರ ಕಟ್ಟಿಗೆ

ತೋಟದವರೇ, ಮಳೆಗಾಲ ಪೂರ್ತಿ ನೇತಾಡಿತ್ತು ಅಂದಿರಲ್ಲ, ಟಾಕಿಯಲ್ಲಿ ಪೆಟ್ರೋಲ್ ಇತ್ತಾ?

ಜಮಖಂಡಿ ತೋಟದವ

ಇತ್ತು. ಅರ್ಧ ಟಾಕಿ. ಅದರ ಮೇಲೇ ಹೊಸದು ಹಾಕಿದೆ.

ಖಾನಾಪುರ ಕಟ್ಟಿಗೆ

ಅಯ್ಯೋ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥನಾಲ್ ಇರುತ್ತದೆ. ನಮ್ಮ ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೂ ಎಥನಾಲ್ ಆಗುತ್ತದೆ, ಹಾಗಾಗಿ ಕಬ್ಬು ಬೆಳೆಯುವ ನಾವು ಬೈಯುವ ಹಾಗೂ ಇಲ್ಲ. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಬೇರೆಯಾಗಿ ತಳಕ್ಕೆ ಕೂರುತ್ತದೆ. ಟಾಕಿಯ ಫಿಲ್ಟರ್ ಮಲಗಿರುವುದೂ ತಳದಲ್ಲೇ. ಹಳೆಯದನ್ನು ಗಾಜಿನ ಬಾಟಲಿಗೆ ಸುರಿದು ಒಂದು ಗಂಟೆ ಇಡಿ. ಎರಡು ಪದರ ಕಂಡರೆ ಒಂದು ಹನಿಯನ್ನೂ ಮಷಿನ್ನಿಗೆ ಹಾಕಬೇಡಿ.

ನಾನು ಒಂದು ತಿಂಗಳಿಗೆ ಬೇಕಾದಷ್ಟೇ ಬೆರೆಸುತ್ತೇನೆ. ಕಂಪನಿ 50ಕ್ಕೆ 1 ಅಂದಿದ್ದರೆ ಲೀಟರಿಗೆ 20 ಎಂಎಲ್ ಆಯಿಲ್, 25ಕ್ಕೆ 1 ಅಂದಿದ್ದರೆ 40 ಎಂಎಲ್. ಔಷಧ ಅಂಗಡಿಯ ಸಿರಿಂಜು ಇಟ್ಟುಕೊಳ್ಳಿ. ಮುಚ್ಚಳದ ಅಳತೆ, ಕಣ್ಣಂದಾಜು ಬೇಡ.

ಜಮಖಂಡಿ ತೋಟದವ

(ಎರಡು ದಿನದ ನಂತರ)

ಫಿಟ್ಟರ್ ಸಾಹೇಬರೇ, ಸುಯ್ ಅಂತು! ಮುಚ್ಚಿ ಒಂದೇ ಜಗ್ಗಿಗೆ ಚಾಲೂ. ವೆಂಟ್ ತೆಗೆದು ನೋಡಿದರೆ ಕಟ್ಟಿಗೆ ಪುಡಿ ಮತ್ತು ಆಯಿಲ್ ಸೇರಿ ಬೆಲ್ಲದ ಅಂಟಿನ ಹಾಗೆ ಕೂತಿತ್ತು. ಹಳೆ ಪೆಟ್ರೋಲ್ ಬಾಟಲಿಗೆ ಸುರಿದೆ. ತಳದಲ್ಲಿ ಬೆರಳಿನ ದಪ್ಪ ಬೇರೆ ಪದರ ನಿಂತಿದೆ. ವೆಂಟ್ ತೊಳೆದು ಹಾಕಿ, ಹೊಸ ಪೆಟ್ರೋಲಿನಲ್ಲಿ ಇಪ್ಪತ್ತೈದು ನಿಮಿಷ ಕೊಯ್ದೆ. ನಿಲ್ಲಲಿಲ್ಲ.

ಆದರೆ ಈಗ ಹೊಸ ಚಾಳಿ. ಐಡ್ಲಿಂಗಿನಿಂದ ಒಮ್ಮೆಲೇ ರೇಸ್ ಕೊಟ್ಟರೆ ಬಿಕ್ಕಳಿಸುತ್ತದೆ. ನಿಧಾನ ಕೊಟ್ಟರೆ ಏರುತ್ತದೆ.

ಉದ್ಯಮಬಾಗ ಫಿಟ್ಟರ್

ಹಳೆ ಪೆಟ್ರೋಲಿನಲ್ಲಿ ನೆನೆದು ಕಾರ್ಬೋರೇಟರ್ ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಮ್, ಗಟ್ಟಿಯಾಗಿದೆ. ಐದು ವರ್ಷ ಬಾಳಿದ್ದೇ ಪುಣ್ಯ. ಕಿಟ್ ತಂದು ನೀವೇ ಹಾಕಬಹುದು. ಕಾರ್ಬೋರೇಟರ್ ಮೇಲಿನ ನಂಬರ್ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ, ಬರೀ ಮಷಿನ್ ಹೆಸರು ಹೇಳಿದರೆ ಬೇರೆ ಕಿಟ್ ಕೊಡುತ್ತಾರೆ.

ಸಾಮಾನ್ಯವಾಗಿ ನಾಲ್ಕು ಸ್ಕ್ರೂ ಇರುವ ಮುಚ್ಚಳದ ಕೆಳಗೆ ಮೀಟರಿಂಗ್ ಡಯಾಫ್ರಮ್ ಇರುತ್ತದೆ. ಹಳೆಯದನ್ನು ಬೆರಳಲ್ಲಿ ಮುಟ್ಟಿ. ಬಲೂನಿನ ಹಾಗೆ ಮೆತ್ತಗಿರಬೇಕು. ಒಣ ಎಲೆಯ ಹಾಗೆ ಪರಪರ ಅಂದರೆ ಮುಗಿಯಿತು. ಹಾಕುವಾಗ ಎಡವುವುದು ಇಲ್ಲೇ. ಈ ಬದಿಯಲ್ಲಿ ಕಾರ್ಬೋರೇಟರ್ ಮೈಗೆ ತಾಗಿ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಮ್. ಆಚೆ, ಪೆಟ್ರೋಲ್ ಎಳೆಯುವ ಪಂಪಿನ ಬದಿಯಲ್ಲಿ ಉಲ್ಟಾ, ಮೊದಲು ಡಯಾಫ್ರಮ್, ಮೇಲೆ ಗ್ಯಾಸ್ಕೆಟ್. ಒಂದೊಂದು ಪದರ ಎತ್ತುವಾಗಲೂ ಫೋಟೋ ತೆಗೆಯಿರಿ. ಪುಟ್ಟ ಸ್ಪ್ರಿಂಗ್ ಹಾರಿ ಹೋದರೆ ಸಿಗುವುದಿಲ್ಲ. ಬಿಳಿ ಪಂಚೆ ಹಾಸಿ ಕೂತುಕೊಳ್ಳಿ. ಬಚ್ಚಲಿನಲ್ಲಿ ಬೇಡ, ಒಮ್ಮೆ ನನ್ನದು ಮೋರಿ ಸೇರಿದೆ.

ಮುಧೋಳದ ಅಕ್ಕ

ರಿಪೇರಿ ನಡೆಯಲಿ. ಯಾರೂ ಕಳ್ಳರ ಮಾತಿಗೆ ಬರಲಿಲ್ಲವಲ್ಲ, ನಾನು ಹೇಳುತ್ತೇನೆ. ನಮ್ಮ ಪವರ್ ವೀಡರ್ ಹೋದ ಮೇಲೆ ಕಲಿತದ್ದು ಇದು.

ಎಲ್ಲರೂ ದೊಡ್ಡ ಕೀಲಿ ಕೊಳ್ಳುತ್ತಾರೆ. ಕಳ್ಳ ಕೀಲಿ ಮುಟ್ಟುವುದೇ ಇಲ್ಲ. ಚಿಲಕದ ಬೋಲ್ಟ್ ಬಿಚ್ಚುತ್ತಾನೆ, ಬಾಗಿಲಿನ ಕಿವಿ ಎತ್ತುತ್ತಾನೆ, ಇಲ್ಲವೇ ಹಿಂದಿನ ಪತ್ರಾಸಿನ ಸ್ಕ್ರೂ ತಿರುಗಿಸುತ್ತಾನೆ. ನಮ್ಮಲ್ಲಿ ಆದದ್ದು ಅದೇ. ತಗಡಿನ ಶೆಡ್ಡಿನ ಹಿಂಬದಿಯಲ್ಲಿ ಆರು ಸ್ಕ್ರೂ ತೆಗೆದು ತಗಡನ್ನು ಪುಸ್ತಕದ ಹಾಳೆಯ ಹಾಗೆ ಮಡಚಿದ್ದರು. ಸ್ಕ್ರೂ ಬಿಚ್ಚುವ ಪಾನಾ ಎಲ್ಲಿ ಸಿಕ್ಕಿತು ಗೊತ್ತೇ? ಶೆಡ್ಡಿನ ಹೊರಗೆ ನಾವೇ ಮರೆತಿದ್ದದ್ದು.

ಈಗ ಚಿಲಕದ ಬೋಲ್ಟಿನ ನಟ್ ಒಳಗಡೆ ಬರುವ ಹಾಗೆ ತಿರುಗಿಸಿ ವೆಲ್ಡಿಂಗ್ ಹೊಡೆಸಿದ್ದೇವೆ. ಹೊರಗಿನ ತಲೆ ಗುಂಡಗಿದೆ, ಪಾನಾ ಹಿಡಿಯುವುದಿಲ್ಲ. ನೆಲದ ಕಾಂಕ್ರೀಟಿನಲ್ಲಿ 12 ಎಂಎಂ ಸರಳು ಬಗ್ಗಿಸಿ ಹೂತಿದ್ದೇವೆ. ದಪ್ಪ ಸರಪಳಿ ಅದಕ್ಕೆ ಹಾಯ್ದು, ಚೈನ್ ಸಾದ ಹಿಂದಿನ ಹಿಡಿಕೆ, ಮುಂದಿನ ಹಿಡಿಕೆ ಎರಡರೊಳಗಿಂದಲೂ ಹೋಗುತ್ತದೆ. ಒಂದೇ ಹಿಡಿಕೆಗೆ ಹಾಕಬೇಡಿ, ಸ್ಕ್ರೂ ತೆಗೆದರೆ ಹಿಡಿಕೆ ನಿಮಗೆ, ಮಷಿನ್ ಅವರಿಗೆ.

ಇನ್ನೊಂದು, ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಮತ್ತು ಚೈನ್ ಬಿಚ್ಚಿ ಮನೆಯೊಳಗೆ ಇಡುತ್ತೇನೆ. ಎರಡು ನಟ್, ಎರಡು ನಿಮಿಷದ ಕೆಲಸ. ಬಾರ್ ಇಲ್ಲದ ಮಷಿನ್ನಿಗೆ ಸಂತೆಯಲ್ಲಿ ಬೆಲೆ ಬರುವುದಿಲ್ಲ. ಬಿಚ್ಚಿದ್ದೀರಿ ಅಂದ ಮೇಲೆ ಬಾರಿನ ಸಂದಿಯ ಪುಡಿಯೂ ತೆಗೆದ ಹಾಗಾಯ್ತು.

ಇಂಡಿ ನಿಂಬೆ

ಅಕ್ಕಾ, ಮುಧೋಳದಲ್ಲಿ ಇದ್ದು ನಾಯಿ ಸಾಕಿಲ್ಲವೇ?

ಮುಧೋಳದ ಅಕ್ಕ

ತಮ್ಮಾ, ಮುಧೋಳ ನಾಯಿ ಬೇಟೆಗೆ ಹುಟ್ಟಿದ್ದು. ಕಣ್ಣಿಗೆ ಮೊಲ ಬಿದ್ದರೆ ಮುಗಿಯಿತು. ಕಳ್ಳ ಬಂದ ರಾತ್ರಿ ನಮ್ಮದು ಎರಡು ಹೊಲ ಆಚೆ ಇತ್ತು. ಈಗ ಶೆಡ್ ಕಾಯುವುದು ಒಂದು ಬೀದಿ ನಾಯಿ, ಹೆಸರು ಕೆಂಚ. ಎಲೆ ಬಿದ್ದರೂ ಬೊಗಳುತ್ತದೆ.

ತಿಕೋಟಾ ದ್ರಾಕ್ಷಿ

ನಾನು ಸೋಲಾರ್ ಕ್ಯಾಮೆರಾ ಹಾಕಿಸಿದ್ದೆ, ಸಿಮ್ ಇರುವಂಥದ್ದು. ಮೂರು ದಿನ ಮೋಡ ಕವಿದಿತ್ತು, ಬ್ಯಾಟರಿ ಸತ್ತಿತು. ನಾಲ್ಕನೇ ದಿನ ಕ್ಯಾಮೆರಾವನ್ನೇ ಒಯ್ದರು. ಈಗಿನದು ಮನೆ ಗೋಡೆ ಮೇಲೆ, ಏಣಿ ಇಲ್ಲದೆ ಕೈಗೆ ಸಿಗದ ಎತ್ತರದಲ್ಲಿ, ಶೆಡ್ ಕಡೆ ಮುಖ ಮಾಡಿದೆ. ಏಣಿಯೂ ಮನೆಯೊಳಗೇ ಇದೆ.

ಇಂಡಿ ನಿಂಬೆ

ಬ್ಲೂಟೂತ್ ಟ್ಯಾಗ್ ಹಾಕಿದರೆ ಹೇಗೆ? ಬಸ್‌ನಲ್ಲಿ ಬ್ಯಾಗ್ ಕಳೆದಾಗ ಸಿಕ್ಕಿತ್ತು.

ತಿಕೋಟಾ ದ್ರಾಕ್ಷಿ

ಅದು ಹತ್ತಿರ ಹಾಯುವ ಬೇರೆಯವರ ಫೋನುಗಳ ಮೇಲೆ ನಡೆಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಸರಿ. ನಮ್ಮ ಹೊಲದ ದಾರಿಯಲ್ಲಿ ರಾತ್ರಿ ಹಾಯುವುದು ನರಿ. ಇಡುವುದಾದರೆ ಮಷಿನ್ ಒಳಗೆ ಬೇಡ, ಬಿಸಿ ಮತ್ತು ನಡುಕಕ್ಕೆ ಸಾಯುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯ ತಳದಲ್ಲಿ ಅಂಟಿಸಿ.

ಗೋಕಾಕ ರಿಪೇರಿ ಅಂಗಡಿ

ಬಹಳ ದಿನ ಸುಮ್ನೆ ಓದುತ್ತಿದ್ದೆ. ಇವತ್ತು ಒಂದು ಘಟನೆ ಹೇಳಲೇಬೇಕು.

ಹೋದ ವರ್ಷ ಒಬ್ಬ ಹುಡುಗ ಮಷಿನ್ ತಂದ. ಹಗ್ಗ ಒಳಗೆ ಸಿಕ್ಕಿಕೊಂಡಿತ್ತು. ಬಾರ್ ಎಲ್ಲಪ್ಪಾ ಅಂದರೆ ಮನೆಯಲ್ಲಿದೆ ಅಂದ. ನಾಲ್ಕು ಸ್ಕ್ರೂ ತೆಗೆದು ಸ್ಟಾರ್ಟರ್ ಕವರ್ ಎತ್ತಿದೆ. ಒಳಗೋಡೆಯ ಮೇಲೆ ಬಿಳಿ ಪೇಂಟಿನಲ್ಲಿ ಮೂರು ಚುಕ್ಕಿ, ಒಂದು ಅಡ್ಡ ಗೆರೆ, 47. ಅದು ನನ್ನ ಕೈಬರಹ! ನಾನು ರಿಪೇರಿ ಮಾಡಿದ ಪ್ರತಿ ಮಷಿನ್ನಿಗೂ ಒಳಗೊಂದು ಗುರುತು ಹಾಕಿ, ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಕಳ್ಳರಿಗೆ ಅಂತ ಅಲ್ಲ, ಯಾವ ಸಲ ಯಾವ ಪಾರ್ಟ್ ಹಾಕಿದೆ ಅಂತ ಜಗಳ ಬರಬಾರದು ಅಂತ. ರಿಜಿಸ್ಟರ್ ತೆಗೆದರೆ 47 ಸವದತ್ತಿ ಕಡೆಯ ಒಬ್ಬ ಹಿರಿಯರದು. ಹೊರಗೆ ಬಾಡಿಯ ನಂಬರ್ ನೋಡಿದೆ. ಗ್ರೈಂಡರ್ ಹಿಡಿದು ಸವೆಸಿದ್ದರು.

ಹುಡುಗನಿಗೆ ಏನೂ ಅನ್ನಲಿಲ್ಲ. ಸ್ಪ್ರಿಂಗ್ ನಾಳೆ ಬರುತ್ತದೆ, ಬಾ ಅಂದೆ. ಹಿರಿಯರಿಗೆ ಫೋನ್ ಮಾಡಿದೆ. ಅವರು ಬಿಲ್ ಹಿಡಿದು ಪೊಲೀಸರ ಜತೆ ಬಂದರು. ಹುಡುಗ ಸಂತೆಯಲ್ಲಿ ಕೊಂಡದ್ದು ಅಂದ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.

ಹಾಗಾಗಿ ಹೊರಗಿನ ಕವರ್ ಮೇಲೆ ಹೆಸರು ಬರೆದರೆ ಸಾಲದು, ಕವರ್ ಬದಲಾಗುತ್ತದೆ. ಒಂದು ಗುರುತು ಕಾಣುವ ಕಡೆ, ಒಂದು ಬಿಚ್ಚಿದರೆ ಮಾತ್ರ ಕಾಣುವ ಕಡೆ ಹಾಕಿ. ಬಾಡಿಯಲ್ಲಿ ಕೊರೆದ ನಂಬರ್, ಬಿಲ್, ನಿಮ್ಮ ಗುರುತು, ಮೂರನ್ನೂ ಫೋಟೋ ತೆಗೆದಿಡಿ. ಕೆಲವು ಅಗ್ಗದ ಮಷಿನ್‌ಗಳಲ್ಲಿ ನಂಬರ್ ಬರೀ ಸ್ಟಿಕ್ಕರ್ ಮೇಲಿರುತ್ತದೆ. ಅಂಥದ್ದಕ್ಕೆ ಗುರುತು ಇನ್ನೂ ಮುಖ್ಯ.

ನಿವೃತ್ತ ಖಾಕಿ

ರಿಪೇರಿಯವರು ಮಾಡಿದ್ದು ಸರಿ. ಹುಡುಗನನ್ನು ಅಲ್ಲೇ ಹಿಡಿದು ಬಡಿಯಲಿಲ್ಲ, ಅದು ಇನ್ನೂ ಸರಿ.

2024ರ ಜುಲೈ 1ರಿಂದ ಹಳೆಯ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳತನಕ್ಕೆ ಕಲಂ 303. ಮನೆಯಲ್ಲಿ ಅಥವಾ ಸಾಮಾನು ಇಡುವ ಕಟ್ಟಡದಲ್ಲಿ ಕದ್ದರೆ ಕಲಂ 305, ಏಳು ವರ್ಷದ ತನಕ ಶಿಕ್ಷೆ ಇದೆ. ಅದಕ್ಕೇ ದೂರು ಬರೆಯುವಾಗ "ತೋಟದಲ್ಲಿ ಹೋಯಿತು" ಅನ್ನಬೇಡಿ. "ಸಾಮಾನು ಇಡುವ, ಕೀಲಿ ಹಾಕಿದ ಶೆಡ್ಡಿನಿಂದ" ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ನಂಬರ್ ಮತ್ತು ಗುರುತು ದೂರಿನಲ್ಲೇ ಬರಲಿ. ಎಫ್ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ಬೋಲ್ಟ್ ಸಾಲಾಗಿ ಇಟ್ಟಿದ್ದರಲ್ಲ, ಕಾಕಾ ಅದನ್ನು ಮುಟ್ಟಿದರೇ?

ಜಮಖಂಡಿ ತೋಟದವ

ಮುಟ್ಟಿದರು. ಒರೆಸಿ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ.

ನಿವೃತ್ತ ಖಾಕಿ

ಇನ್ನೇನು ಹೇಳಲಿ. ಬೆರಳಚ್ಚು ಇದ್ದರೂ ಹೋಯಿತು.

ರಾಯಬಾಗ ಕಬ್ಬು

ನನಗೆ ಒಂದು ಮಷಿನ್ ಬೇಕಾಗಿದೆ. ಸಂತೆಯಲ್ಲಿ ಕಂಪನಿ ಮಾಲು ಕಾಲು ಬೆಲೆಗೆ ಸಿಗುತ್ತಿದೆ, ಬಿಲ್ ಇಲ್ಲ. ತಗೊಳ್ಳಲಾ?

ನಿವೃತ್ತ ಖಾಕಿ

ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಗೊತ್ತಾಗಬೇಕಾದ ಕಾರಣ ಇದ್ದೂ ಕೊಂಡರೆ ಕಲಂ 317. ಕಾಲು ಬೆಲೆ, ಬಿಲ್ ಇಲ್ಲ, ನಂಬರ್ ಸವೆದಿದೆ ಅಂದರೆ ನೀವು ಏನು ಉತ್ತರ ಕೊಡುತ್ತೀರಿ?

ಗೋಕಾಕ ರಿಪೇರಿ ಅಂಗಡಿ

ಸೆಕೆಂಡ್ ಹ್ಯಾಂಡ್ ಕೊಳ್ಳುವುದೇ ಆದರೆ ಗುರುತಿನವರ ಹತ್ತಿರ, ಮಾರುವವರ ಸಹಿ ಮತ್ತು ಆಧಾರ್ ಪ್ರತಿ ತೆಗೆದುಕೊಂಡು ಕೊಳ್ಳಿ. ಮಷಿನ್ನಿನ ಪರೀಕ್ಷೆ ಸುಲಭ. ಸ್ವಿಚ್ ಆಫ್ ಮಾಡಿ, ಹಗ್ಗದ ಹಿಡಿಕೆ ಹಿಡಿದು ಮಷಿನ್ ತೂಗಿಸಿ. ತಡೆದು ತಡೆದು ಇಳಿದರೆ ಕಂಪ್ರೆಷನ್ ಇದೆ. ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ ಅಂತ ಇಳಿದರೆ ಬೇಡ.

ಖಾನಾಪುರ ಕಟ್ಟಿಗೆ

ಆ ಸವದತ್ತಿ ಹಿರಿಯರಿಗೆ ಮಷಿನ್ ಸಿಕ್ಕಿತೇ?

ಗೋಕಾಕ ರಿಪೇರಿ ಅಂಗಡಿ

ಕೋರ್ಟಿನಿಂದ ಬಿಡಿಸಿಕೊಳ್ಳಲು ಕೆಲವು ತಿಂಗಳು ಹಿಡಿಯಿತು. ಅಷ್ಟು ದಿನವೂ ಟಾಕಿಯಲ್ಲಿ ಪೆಟ್ರೋಲ್ ಇತ್ತು. ಕೈಗೆ ಬಂದ ದಿನವೇ ನನ್ನ ಅಂಗಡಿಗೆ ತಂದರು. ಡಯಾಫ್ರಮ್ ಪರಪರ.

ಜಮಖಂಡಿ ತೋಟದವ

(ಒಂದು ವಾರದ ನಂತರ)

ಕಿಟ್ ಹಾಕಿದೆ. ಪಂಪ್ ಬದಿಯಲ್ಲಿ ಮೊದಲ ಸಲ ಉಲ್ಟಾ ಜೋಡಿಸಿದ್ದೆ, ಪೆಟ್ರೋಲೇ ಹತ್ತಲಿಲ್ಲ. ಫೋಟೋ ನೋಡಿ ಮತ್ತೆ ಬಿಚ್ಚಿ ಹಾಕಿದೆ. ಈಗ ಬೆರಳು ಒತ್ತಿದರೆ ಸಾಕು, ಏರುತ್ತದೆ.

ಬೇವು ಮುಕ್ಕಾಲು ಮುಗಿಯಿತು. ಒಂದು ಕೊಂಬೆ ವಿದ್ಯುತ್ ತಂತಿ ಮೇಲೆ ಒರಗಿತ್ತು. 1912ಕ್ಕೆ ಫೋನ್ ಮಾಡಿ, ಹೆಸ್ಕಾಂ ಲೈನ್‌ಮನ್ ಬಂದು ಲೈನ್ ಬಂದ್ ಮಾಡಿದ ಮೇಲೇ ಮುಟ್ಟಿದೆ. ಬುಡದಲ್ಲಿ ಅಜ್ಜನ ಕಾಲದ ಮೊಳೆ ಇತ್ತು, ದನ ಕಟ್ಟಲು ಹೊಡೆದಿದ್ದದ್ದು. ಚೈನ್ ಅದಕ್ಕೆ ತಾಗಿ ಕಿಡಿ ಹಾರಿತು. ಅಲ್ಲಿಂದ ಚಕ್ಕೆ ಬರುವ ಬದಲು ಹಿಟ್ಟು ಬರುತ್ತಿದೆ.

ಖಾನಾಪುರ ಕಟ್ಟಿಗೆ

ಹಿಟ್ಟು ಬಂದರೆ ಹಲ್ಲು ಮೊಂಡಾಗಿದೆ. ಒತ್ತಿ ಒತ್ತಿ ಕೊಯ್ಯಬೇಡಿ, ಎಂಜಿನ್ ಸುಡುತ್ತದೆ. ಚೈನಿನ ಪಿಚ್, ಅಂದರೆ ಕೊಂಡಿಗಳ ಅಳತೆ, 0.325 ಇಂಚು ಆದರೆ 4.8 ಎಂಎಂ ದುಂಡು ಕಾನಸು, 3/8 ಆದರೆ 5.2 ಎಂಎಂ, 3/8 ಸಣ್ಣ ಜಾತಿಯದಾದರೆ 4 ಎಂಎಂ. ಹಲ್ಲಿನ ಮೇಲೆ ಗೆರೆ ಇರುತ್ತದೆ, ಆ ಓರೆಯಲ್ಲೇ ಹಿಡಿದು ಮುಂದಕ್ಕೆ ಮಾತ್ರ ಉಜ್ಜಿ. ಹಿಂದಕ್ಕೆ ಎಳೆಯುವಾಗ ಎತ್ತಿ. ಮೊಳೆ ತಾಗಿದ ಹಲ್ಲು ಎಷ್ಟು ಸವೆಯಿತೋ ಉಳಿದವೂ ಅಷ್ಟೇ ಉದ್ದಕ್ಕೆ ಬರಬೇಕು. ಇಲ್ಲದಿದ್ದರೆ ಕೊಯ್ತ ಒಂದು ಬದಿಗೆ ಸೊಟ್ಟ ಹೋಗುತ್ತದೆ. ಬಾರಿನ ತುದಿಯ ಮೇಲ್ಭಾಗ ಕಟ್ಟಿಗೆಗೆ ತಾಗದ ಹಾಗೆ ನೋಡಿಕೊಳ್ಳಿ, ಮಷಿನ್ ಮುಖಕ್ಕೆ ಒದೆಯುವುದು ಅಲ್ಲಿಂದಲೇ.

ಮುಧೋಳದ ಅಕ್ಕ

ಚಿಲಕ ಬದಲಾಯಿಸಿದಿರೋ, ಇಲ್ಲವೋ?

ಜಮಖಂಡಿ ತೋಟದವ

ಬದಲಾಯಿಸಿದೆ ಅಕ್ಕಾ. ಬೋಲ್ಟಿಗೆ ವೆಲ್ಡಿಂಗ್ ಆಯ್ತು, ನೆಲದಲ್ಲಿ ಸರಳು ಹೂತಾಯ್ತು. ಕಾಕಾ ಅವರ ಶೆಡ್ಡಿಗೂ ಅದೇ ವೆಲ್ಡರ್ ಬಂದಿದ್ದ. ಸ್ಟಾರ್ಟರ್ ಕವರ್ ಒಳಗೆ ನನ್ನ ಗುರುತು ಹಾಕಿದೆ, ಏನು ಅಂತ ಇಲ್ಲಿ ಹೇಳಲ್ಲ. ಬಾರ್ ಈಗ ಮಂಚದ ಕೆಳಗೆ, ಮಷಿನ್ ಶೆಡ್ಡಿನಲ್ಲಿ. ಮನೆಯಾಕೆ ಸುಮ್ಮನಾಗಿದ್ದಾಳೆ. ಇನ್ನು ದೀಪಾವಳಿ ತನಕ ಮಷಿನ್ ಕೆಲಸ ಇಲ್ಲ.

ಉದ್ಯಮಬಾಗ ಫಿಟ್ಟರ್

ಟಾಕಿ ಖಾಲಿ ಮಾಡಿ, ನಿಲ್ಲುವ ತನಕ ಓಡಿಸಿ ಇಟ್ಟಿರಾ?

ಜಮಖಂಡಿ ತೋಟದವ

ಇಲ್ಲ. ಹೊರಟೆ, ಟಾರ್ಚ್ ಹುಡುಕುತ್ತಿದ್ದೇನೆ.